ಪಿನ್ ಕೋಡ್, ಡಿಜಿಪಿನ್ ಮತ್ತು ಮನೆ ಸಂಖ್ಯೆ: ಅಂಚೆ ಬಟವಾಡೆಯಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

ಮೊಬೈಲ್ ಸಂದೇಶಗಳ ಈ ಕಾಲದಲ್ಲಿಯೂ ಗ್ರಾಮೀಣ ಕುಟುಂಬಗಳ ಪಾಲಿಗೆ ಮುಖ್ಯವಾದ ಹಲವು ಕಾಗದಪತ್ರಗಳು ಅಂಚೆಯ ಮೂಲಕವೇ ಬರುತ್ತಿವೆ. ಆಧಾರ್ ಪತ್ರ, ಪ್ಯಾನ್ ಕಾರ್ಡ್, ಬ್ಯಾಂಕಿನ ಎಟಿಎಂ ಕಾರ್ಡ್, ಪಾಸ್‌ಪೋರ್ಟ್, ಉದ್ಯೋಗ ಸಂದರ್ಶನದ ಕರೆಪತ್ರ, ನ್ಯಾಯಾಲಯದ ನೋಟಿಸು ಇವೆಲ್ಲವೂ ಈ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಹಲವಕ್ಕೆ ಗಡುವು ಇರುತ್ತದೆ. ಕರೆಪತ್ರ ಒಂದು ವಾರ ತಡವಾದರೆ ಸಂದರ್ಶನದ ದಿನ ಕಳೆದುಹೋಗಿರುತ್ತದೆ. ನೋಟಿಸು ಕೈಸೇರದಿದ್ದರೆ ಹಾಜರಾಗಬೇಕಾದ ದಿನ ತಪ್ಪಿಹೋಗುತ್ತದೆ. ಸರಿಯಾದ ವಿಳಾಸ ಬರೆದು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ ನೋಟಿಸು, ಅದಕ್ಕೆ ವಿರುದ್ಧವಾದುದು ರುಜುವಾತಾಗದ ಹೊರತು, ಜಾರಿಯಾಗಿದೆಯೆಂದು ಭಾವಿಸಲು 1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೇ ಪ್ರಕರಣವು ಅವಕಾಶ ನೀಡಿದೆ. ಆದುದರಿಂದ ವಿಳಾಸದ ದೋಷದ ಪರಿಣಾಮವು ಲಕೋಟೆ ಹಿಂದಿರುಗುವುದರೊಂದಿಗೆ ಮುಗಿಯುವುದಿಲ್ಲ.

ದೂರದ ಊರಿನಿಂದ ಹೊರಟ ಪತ್ರವು ಹೊನ್ನಾಳಿಯವರೆಗೆ ಬರುವುದು ಸಾಮಾನ್ಯವಾಗಿ ಕಷ್ಟವಾಗುವುದಿಲ್ಲ. ಹೊನ್ನಾಳಿಯಿಂದ ಗ್ರಾಮದ ಒಂದು ನಿರ್ದಿಷ್ಟ ಮನೆಯ ಬಾಗಿಲಿಗೆ ಹೋಗುವ ಕೊನೆಯ ಹಂತದಲ್ಲಿ ತೊಡಕು ಉಂಟಾಗುತ್ತದೆ. ಈ ಹಂತವನ್ನು ಸುಗಮಗೊಳಿಸಲು ಕೆಲವು ದೇಶಗಳು ಅಂಚೆ ಸಂಖ್ಯೆಯನ್ನು ವಿಸ್ತರಿಸಿವೆ. ಭಾರತೀಯ ಅಂಚೆ ಇಲಾಖೆಯು 2025ರಲ್ಲಿ ಡಿಜಿಪಿನ್ ಎಂಬ ಹೊಸ ವ್ಯವಸ್ಥೆಯನ್ನು ಸಾರ್ವಜನಿಕರ ಬಳಕೆಗೆ ನೀಡಿದೆ. ಈ ಸಂಖ್ಯೆಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಅವುಗಳ ಸಾಮರ್ಥ್ಯ ಮುಗಿಯುತ್ತದೆ, ಅಲ್ಲಿಂದ ಮುಂದೆ ಗ್ರಾಮ ಪಂಚಾಯಿತಿ ಮಾಡಬೇಕಾದುದೇನು ಎಂಬುದನ್ನು ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಆರು ಅಂಕಿಗಳ ಅರ್ಥ

ಪಿನ್ ಕೋಡ್ ವ್ಯವಸ್ಥೆಯು 1972ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಬೆಳ್ಳಿಹಬ್ಬದ ದಿನ ಜಾರಿಗೆ ಬಂದಿತು. ಅಂದು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಹೆಚ್ಚುವರಿ ಕಾರ್ಯದರ್ಶಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅವರು ಇದನ್ನು ರೂಪಿಸಿದವರು. ಒಂದೇ ಹೆಸರಿನ ಅನೇಕ ಊರುಗಳು, ಹಲವು ಭಾಷೆ ಹಾಗೂ ಲಿಪಿಗಳಲ್ಲಿ ಬರೆದ ವಿಳಾಸಗಳು ಮತ್ತು ಓದಲಾಗದ ಕೈಬರಹ ಇವು ವಿಂಗಡಣೆಯ ಸಿಬ್ಬಂದಿಗೆ ಅಂದು ದೊಡ್ಡ ತೊಡಕಾಗಿದ್ದವು. ಕುಂದೂರು ಎಂಬ ಊರು ಹೊನ್ನಾಳಿ ತಾಲ್ಲೂಕಿನಲ್ಲಿದೆ. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿಯೂ ಇದೆ. ಹೊಸಹಳ್ಳಿ, ಬಸವನಹಳ್ಳಿ ಎಂಬ ಹೆಸರುಗಳಂತೂ ಜಿಲ್ಲೆಗೆ ಹಲವು ದೊರೆಯುತ್ತವೆ. ಊರಿನ ಹೆಸರನ್ನು ಎಷ್ಟೇ ಸ್ಪಷ್ಟವಾಗಿ ಬರೆದರೂ ಅದು ಯಾವ ಊರು ಎಂಬುದು ನಿರ್ಧಾರವಾಗದೆ ಉಳಿಯಬಹುದು. ಭಾಷೆಯ ಹಂಗಿಲ್ಲದ ಸಂಖ್ಯೆಯು ಈ ಸಂದಿಗ್ಧವನ್ನು ನಿವಾರಿಸಿತು.

ಹೊನ್ನಾಳಿಯ ಪಿನ್ ಕೋಡ್ 577217. ಇದರ ಮೊದಲ ಅಂಕಿ 5, ಆಂಧ್ರಪ್ರದೇಶ, ತೆಲಂಗಾಣ ಮತ್ತು ಕರ್ನಾಟಕಗಳನ್ನು ಒಳಗೊಂಡ ವಲಯವನ್ನು ಸೂಚಿಸುತ್ತದೆ. ಮೊದಲ ಎರಡು ಅಂಕಿಗಳು ಉಪವಲಯವನ್ನು ತಿಳಿಸುತ್ತವೆ. 56ರಿಂದ 59ರವರೆಗಿನವು ಕರ್ನಾಟಕಕ್ಕೆ ಸೇರಿವೆ. ಮೂರನೆಯ ಅಂಕಿಯೂ ಸೇರಿದ 577 ಎಂಬುದು ಅಂಚೆ ವಿಂಗಡಣಾ ಜಿಲ್ಲೆಯನ್ನು ಗುರುತಿಸುತ್ತದೆ. ಉಳಿದ 217 ಎಂಬುದು ಪತ್ರವನ್ನು ಬಟವಾಡೆ ಮಾಡಬೇಕಾದ ಅಂಚೆ ಕಚೇರಿಯನ್ನು, ಅಂದರೆ ಹೊನ್ನಾಳಿಯನ್ನು ಹೇಳುತ್ತದೆ.

ಕಲಬುರಗಿಯಲ್ಲಿ ಅಂಚೆಗೆ ಹಾಕಿದ ಪತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿನ ವಿಂಗಡಣೆಗಾರನು ಹೊನ್ನಾಳಿ ಎಲ್ಲಿದೆಯೆಂದು ತಿಳಿದಿರಬೇಕಾಗಿಲ್ಲ. 577 ಎಂಬ ಮೂರು ಅಂಕಿಗಳನ್ನು ನೋಡಿ ಆ ದಿಕ್ಕಿನ ಚೀಲಕ್ಕೆ ಹಾಕಿದರೆ ಅವನ ಕೆಲಸ ಮುಗಿಯಿತು. ಈ ಭಾಗದ ವಿಂಗಡಣಾ ಕೇಂದ್ರದಲ್ಲಿ ಮಾತ್ರ ಕೊನೆಯ ಮೂರು ಅಂಕಿಗಳನ್ನು ಗಮನಿಸಲಾಗುತ್ತದೆ. ದೊಡ್ಡ ನಗರಗಳ ಸ್ವಯಂಚಾಲಿತ ಕೇಂದ್ರಗಳಲ್ಲಿ ಇದೇ ಕೆಲಸವನ್ನು ಯಂತ್ರಗಳು ಮಾಡುತ್ತವೆ. ಹೀಗೆ ಪ್ರತಿ ಹಂತದಲ್ಲಿಯೂ ತನಗೆ ಬೇಕಾದಷ್ಟು ಅಂಕಿಗಳನ್ನು ಮಾತ್ರ ಓದಿದರೆ ಸಾಕಾಗುವುದು ಈ ವ್ಯವಸ್ಥೆಯ ಮುಖ್ಯ ಗುಣ. ಆದರೆ ಮೊದಲ ಮೂರು ಅಂಕಿಗಳಲ್ಲಿ ಒಂದು ತಪ್ಪಿದರೂ ಪತ್ರವು ಬೇರೆ ದಿಕ್ಕಿನ ಚೀಲವನ್ನು ಸೇರಿ, ಅಲ್ಲಿಂದ ಮರಳಿ ಬರಲು ಹಲವು ದಿನಗಳು ಬೇಕಾಗುತ್ತವೆ.

ಜಿಲ್ಲೆಯ ಗಡಿ ಮತ್ತು ಅಂಚೆಯ ಗಡಿ

ಪಿನ್ ಕೋಡ್ ಕಂದಾಯ ಆಡಳಿತದ ಗಡಿಗಳನ್ನು ಅನುಸರಿಸುವುದಿಲ್ಲ. ಇದಕ್ಕೆ ಹೊನ್ನಾಳಿ ಭಾಗವೇ ಉತ್ತಮ ನಿದರ್ಶನ. ದಾವಣಗೆರೆ ಜಿಲ್ಲೆಯು 1997ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಾಗ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಹೊಸ ಜಿಲ್ಲೆಗೆ ಸೇರಿದವು. ಪಿನ್ ಕೋಡ್ ಮಾತ್ರ ಬದಲಾಗಲಿಲ್ಲ. ಹೊನ್ನಾಳಿ 577217, ಚನ್ನಗಿರಿ 577213, ನ್ಯಾಮತಿ 577223 ಇವು ಇಂದಿಗೂ ಶಿವಮೊಗ್ಗದ 577201ರೊಂದಿಗೆ ಒಂದೇ ಸರಣಿಯಲ್ಲಿವೆ. ಜಗಳೂರಿನ 577528 ಚಿತ್ರದುರ್ಗದ 577501ರ ಸರಣಿಯಲ್ಲಿದೆ. ಜಿಲ್ಲಾ ಕೇಂದ್ರ ದಾವಣಗೆರೆಯದು 577001.

ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ಪ್ರತ್ಯೇಕ ತಾಲ್ಲೂಕಾದ ಮೇಲೂ ಇದೇ ಸ್ಥಿತಿ ಮುಂದುವರಿದಿದೆ. ತಾಲ್ಲೂಕಿನ ಹೆಸರು ಬದಲಾದ ಮಾತ್ರಕ್ಕೆ ಗ್ರಾಮದ ಪಿನ್ ಕೋಡ್ ಬದಲಾಗುವುದಿಲ್ಲ. ಆ ಗ್ರಾಮಕ್ಕೆ ಪತ್ರಗಳನ್ನು ಬಟವಾಡೆ ಮಾಡುವ ಅಂಚೆ ಕಚೇರಿ ಯಾವುದೋ ಅದರ ಸಂಖ್ಯೆಯೇ ಗ್ರಾಮದ ಸಂಖ್ಯೆ.

ಈ ವಿಷಯ ತಿಳಿಯದ ಕಾರಣ ಒಂದು ತಪ್ಪು ಮರುಕಳಿಸುತ್ತಿರುತ್ತದೆ. ಅರ್ಜಿ ತುಂಬುವಾಗ ‘ಜಿಲ್ಲೆ: ದಾವಣಗೆರೆ’ ಎಂದು ಬರೆದವರು ಪಿನ್ ಕೋಡ್ ಅಂಕಣದಲ್ಲಿಯೂ ದಾವಣಗೆರೆ ನಗರದ 577001 ಎಂದು ನಮೂದಿಸುತ್ತಾರೆ. ಸಂಖ್ಯೆಯನ್ನು ನಂಬಿದ ಪತ್ರವು ನಗರದ ಅಂಚೆ ಕಚೇರಿಗೆ ಹೋಗಿ, ಅಲ್ಲಿ ವಿಳಾಸವನ್ನು ಓದಿದ ಬಳಿಕ ಹೊನ್ನಾಳಿಯತ್ತ ಹೊರಡುತ್ತದೆ. ಇದಕ್ಕೆ ಪ್ರತಿಯಾಗಿ, ಹಳೆಯ ದಾಖಲೆಯನ್ನು ಅನುಸರಿಸಿ ‘ಶಿವಮೊಗ್ಗ ಜಿಲ್ಲೆ’ ಎಂದು ಬರೆದಿದ್ದರೂ 577217 ಸರಿಯಾಗಿದ್ದರೆ ಪತ್ರವು ನೇರವಾಗಿ ಹೊನ್ನಾಳಿಗೆ ಬರುತ್ತದೆ. ಪಂಚಾಯಿತಿ ಕಚೇರಿಯಲ್ಲಿ ಅರ್ಜಿ ತುಂಬಿಕೊಡುವ ಸಿಬ್ಬಂದಿಗೆ ಈ ವ್ಯತ್ಯಾಸ ತಿಳಿದಿರುವುದು ಅವಶ್ಯಕ.

ಪಿನ್ ಕೋಡ್ ನಿಲ್ಲುವ ಸ್ಥಳ

ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ. ಪಿನ್ ಕೋಡ್‌ಗಳಾದರೋ ಹತ್ತೊಂಬತ್ತು ಸಾವಿರದ ಆಸುಪಾಸಿನಲ್ಲಿವೆ. ಅಂದರೆ ಒಂದು ಸಂಖ್ಯೆಯ ಅಡಿಯಲ್ಲಿ ಸರಾಸರಿ ಏಳೆಂಟು ಅಂಚೆ ಕಚೇರಿಗಳು ಬರುತ್ತವೆ. ಗ್ರಾಮಗಳಲ್ಲಿರುವ ಶಾಖಾ ಅಂಚೆ ಕಚೇರಿಗಳಿಗೆ ಪ್ರತ್ಯೇಕ ಸಂಖ್ಯೆ ಇರುವುದಿಲ್ಲ. ಅವು ತಮ್ಮ ಮೇಲಿನ ಉಪ ಅಂಚೆ ಕಚೇರಿಯ ಸಂಖ್ಯೆಯನ್ನೇ ಬಳಸುತ್ತವೆ. ಉಪ ಅಂಚೆ ಕಚೇರಿಯಲ್ಲಿ ಪತ್ರಗಳನ್ನು ಶಾಖೆಗಳ ಪ್ರಕಾರ ಬೇರ್ಪಡಿಸಿ ಚೀಲಗಳಲ್ಲಿ ಕಳುಹಿಸಲಾಗುತ್ತದೆ. ಈ ಬೇರ್ಪಡಿಕೆಗೆ ಆಧಾರವಾಗಿರುವುದು ವಿಳಾಸದಲ್ಲಿ ಬರೆದ ಗ್ರಾಮ ಮತ್ತು ಅಂಚೆಯ ಹೆಸರು. ‘ಅಂಚೆ’ ಎಂಬ ಸಾಲನ್ನು ಅನೇಕರು ಬಿಟ್ಟುಬಿಡುತ್ತಾರೆ. ಶಾಖಾ ಅಂಚೆ ಕಚೇರಿ ಇಲ್ಲದ ಸಣ್ಣ ಗ್ರಾಮಗಳ ಮಟ್ಟಿಗೆ ಈ ಸಾಲು ಪಿನ್ ಕೋಡಿನಷ್ಟೇ ಮುಖ್ಯವಾದುದು.

ಚೀಲವು ಗ್ರಾಮಕ್ಕೆ ಬಂದ ಮೇಲೆ ಯಾವ ಅಂಕಿಯೂ ನೆರವಾಗುವುದಿಲ್ಲ. ಗ್ರಾಮೀಣ ಡಾಕ್ ಸೇವಕರ ನೆನಪೇ ಅಲ್ಲಿಂದ ಮುಂದಿನ ಆಧಾರ. ಒಂದೇ ಹೆಸರಿನ ನಾಲ್ವರು ಮಂಜುನಾಥರಲ್ಲಿ ಕೊಟ್ಟೂರಿನಿಂದ ಪತ್ರ ಬರಬಹುದಾದವರು ಯಾರು, ಮದುವೆಯಾಗಿ ಹೋದ ಹೆಣ್ಣುಮಗಳ ಬ್ಯಾಂಕಿನ ಪತ್ರವನ್ನು ಯಾವ ಮನೆಗೆ ಕೊಡಬೇಕು, ತೋಟದ ಮನೆಗೆ ವಾಸ ಬದಲಿಸಿದವರು ಯಾರು ಎಂಬುದೆಲ್ಲ ಅವರಿಗೆ ತಿಳಿದಿರುತ್ತದೆ. ಈ ತಿಳಿವಳಿಕೆಯು ಯಾವ ಕಡತದಲ್ಲಿಯೂ ಬರೆದಿಟ್ಟದ್ದಲ್ಲ. ಅವರು ನಿವೃತ್ತರಾದಾಗ, ರಜೆಯ ಮೇಲೆ ತೆರಳಿದಾಗ ಅಥವಾ ಬೇರೆ ಊರಿನವರು ಆ ಹುದ್ದೆಗೆ ಬಂದಾಗ ತಿಳಿವಳಿಕೆಯೂ ಅವರೊಂದಿಗೇ ಹೋಗುತ್ತದೆ. ‘ವಿಳಾಸ ಅಪೂರ್ಣ’ ಎಂಬ ಷರಾದೊಂದಿಗೆ ಪತ್ರಗಳು ಹಿಂದಿರುಗತೊಡಗುವುದು ಇಂತಹ ಸಮಯದಲ್ಲಿ.

ಹೊಸ ಬಡಾವಣೆಗಳು, ತೋಟದ ಮನೆಗಳು ಮತ್ತು ತಾಂಡಾಗಳಲ್ಲಿ ತೊಡಕು ಇನ್ನೂ ಹೆಚ್ಚು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಭಾಗದಲ್ಲಿ ಲಂಬಾಣಿ ತಾಂಡಾಗಳು ಗಣನೀಯ ಸಂಖ್ಯೆಯಲ್ಲಿವೆ. ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಘೋಷಿಸುವ ಕಾರ್ಯ ರಾಜ್ಯದಲ್ಲಿ ನಡೆದಿರುವುದರಿಂದ, ಇಂತಹ ವಸತಿಗಳಿಗೆ ಕಾಗದದ ಮೇಲೆ ಹೊಸ ಹೆಸರು ಬರುವುದುಂಟು. ಒಂದೇ ಮನೆಯ ಪತ್ರಗಳು ಕೆಲವು ಮೂಲ ಗ್ರಾಮದ ಹೆಸರಿನಲ್ಲಿ, ಕೆಲವು ತಾಂಡಾದ ಹೆಸರಿನಲ್ಲಿ, ಮತ್ತೆ ಕೆಲವು ಹೊಸ ಕಂದಾಯ ಗ್ರಾಮದ ಹೆಸರಿನಲ್ಲಿ ಬರುತ್ತವೆ. ಹೆಸರು ಬದಲಾದ ವಿಷಯ ಅಂಚೆ ಕಚೇರಿಗೆ ತಿಳಿಯದಿದ್ದರೆ ಹೊಸ ಹೆಸರು ಸೌಲಭ್ಯವಾಗುವ ಬದಲು ಅಡಚಣೆಯಾಗುತ್ತದೆ.

ಸಂಖ್ಯೆಯನ್ನು ವಿಸ್ತರಿಸಿದ ದೇಶಗಳು

ಬಟವಾಡೆಯ ಕೊನೆಯ ಹಂತಕ್ಕೂ ಸಂಖ್ಯೆಯನ್ನು ಬಳಸುವ ಪ್ರಯತ್ನವನ್ನು ಅಮೆರಿಕ ದೇಶವು ದೊಡ್ಡ ಪ್ರಮಾಣದಲ್ಲಿ ಮಾಡಿತು. ಅಲ್ಲಿ 1963ರಲ್ಲಿ ಐದು ಅಂಕಿಗಳ ಜಿಪ್ ಕೋಡ್ ಜಾರಿಗೆ ಬಂದಿತು. 1983ರಲ್ಲಿ ಅದಕ್ಕೆ ಇನ್ನೂ ನಾಲ್ಕು ಅಂಕಿಗಳನ್ನು ಸೇರಿಸಲಾಯಿತು. ಈ ನಾಲ್ಕು ಅಂಕಿಗಳು ಅಂಚೆ ಕಚೇರಿಯ ವ್ಯಾಪ್ತಿಯೊಳಗಿನ ಒಂದು ಬೀದಿಯ ಒಂದು ಪಾರ್ಶ್ವವನ್ನೋ, ಒಂದು ದೊಡ್ಡ ಕಟ್ಟಡವನ್ನೋ, ಅಂಚೆ ಪೆಟ್ಟಿಗೆಗಳ ಒಂದು ಗುಂಪನ್ನೋ ಗುರುತಿಸುತ್ತವೆ. ಇದರಿಂದ ಪತ್ರಗಳನ್ನು ಅಂಚೆ ವಿತರಕನು ನಡೆಯುವ ದಾರಿಯ ಕ್ರಮಕ್ಕೆ ಹೊಂದಿಸಿ ಕಟ್ಟುವುದು ಸಾಧ್ಯವಾಯಿತು.

ಅಲ್ಲಿನ ಅನುಭವದಲ್ಲಿ ಒಂದು ಪಾಠವಿದೆ. ಬಹುಪಾಲು ನಾಗರಿಕರು ಆ ಹೆಚ್ಚುವರಿ ನಾಲ್ಕು ಅಂಕಿಗಳನ್ನು ನೆನಪಿಟ್ಟುಕೊಳ್ಳಲಿಲ್ಲ. ವಿಂಗಡಣಾ ಯಂತ್ರವು ಮನೆ ಸಂಖ್ಯೆ ಮತ್ತು ಬೀದಿಯ ಹೆಸರನ್ನು ಓದಿ, ವಿಳಾಸಗಳ ದತ್ತಾಂಶದಲ್ಲಿ ಹುಡುಕಿ, ವಿಸ್ತೃತ ಸಂಖ್ಯೆಯನ್ನು ತಾನೇ ಲಕೋಟೆಯ ಮೇಲೆ ಪಟ್ಟಿಸಂಕೇತವಾಗಿ ಮುದ್ರಿಸುತ್ತದೆ. ಪ್ರತಿ ಮನೆಗೆ ಸಂಖ್ಯೆಯೂ ಪ್ರತಿ ಬೀದಿಗೆ ಹೆಸರೂ ಮೊದಲೇ ಇದ್ದುದರಿಂದ ಮಾತ್ರ ಇದು ನಡೆಯಿತು. ಐರ್ಲೆಂಡ್ ದೇಶವು ಬೇರೆ ದಾರಿಯನ್ನು ಆರಿಸಿಕೊಂಡಿತು. ಅಲ್ಲಿನ ಗ್ರಾಮೀಣ ಭಾಗದಲ್ಲಿ ಅನೇಕ ಮನೆಗಳಿಗೆ ಸಂಖ್ಯೆ ಇರಲಿಲ್ಲ, ಬೀದಿಗೆ ಹೆಸರೂ ಇರಲಿಲ್ಲ. ಆದ್ದರಿಂದ 2015ರಲ್ಲಿ ಜಾರಿಗೆ ತಂದ ಏರ್‌ಕೋಡ್ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ವಿಳಾಸಕ್ಕೂ ಏಳು ಅಕ್ಷರ ಮತ್ತು ಅಂಕಿಗಳ ಪ್ರತ್ಯೇಕ ಸಂಕೇತವನ್ನು ನೀಡಲಾಯಿತು. ನಮ್ಮ ಗ್ರಾಮಗಳ ಸ್ಥಿತಿಯು ಈ ಎರಡನೆಯದಕ್ಕೆ ಹತ್ತಿರವಾಗಿದೆ.

ಡಿಜಿಪಿನ್ ರಚನೆ

ಭಾರತೀಯ ಅಂಚೆ ಇಲಾಖೆಯು ಐಐಟಿ ಹೈದರಾಬಾದ್ ಮತ್ತು ಇಸ್ರೋ ಸಂಸ್ಥೆಯ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಸಹಯೋಗದಲ್ಲಿ ಡಿಜಿಪಿನ್ ವ್ಯವಸ್ಥೆಯನ್ನು ಸಿದ್ಧಪಡಿಸಿದೆ. ‘ನೋ ಯುವರ್ ಡಿಜಿಪಿನ್’ ಎಂಬ ಜಾಲತಾಣವು 2025ರ ಮೇ 27ರಂದು ಆರಂಭವಾಯಿತು. 2024ರ ಜೂನ್ 18ರಿಂದ ಜಾರಿಯಲ್ಲಿರುವ ಅಂಚೆ ಕಚೇರಿ ಅಧಿನಿಯಮ, 2023 ಕೂಡ ವಿಳಾಸ ಬರೆಯುವ ಮಾನದಂಡ, ವಿಳಾಸ ಗುರುತು ಮತ್ತು ಅಂಚೆ ಸಂಕೇತಗಳ ಬಳಕೆಯನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ.

ಡಿಜಿಪಿನ್ ಹತ್ತು ಚಿಹ್ನೆಗಳ ಸಂಕೇತ. ಇಡೀ ದೇಶವನ್ನು ಆವರಿಸುವ ಒಂದು ದೊಡ್ಡ ಚೌಕವನ್ನು ಅಡ್ಡಲಾಗಿ ನಾಲ್ಕು, ಉದ್ದವಾಗಿ ನಾಲ್ಕು ಭಾಗ ಮಾಡಿದರೆ ಹದಿನಾರು ಚೌಕಗಳಾಗುತ್ತವೆ. ಪ್ರತಿ ಚೌಕಕ್ಕೂ ಒಂದು ಚಿಹ್ನೆ. ಆ ಚೌಕವನ್ನು ಪುನಃ ಹದಿನಾರು ಭಾಗ ಮಾಡಿದರೆ ಎರಡನೆಯ ಚಿಹ್ನೆ ದೊರೆಯುತ್ತದೆ. ಹೀಗೆ ಹತ್ತು ಬಾರಿ ವಿಭಾಗಿಸಿದಾಗ ಸುಮಾರು 3.8 ಮೀಟರ್ ಉದ್ದಗಲದ ಚಿಕ್ಕ ಚೌಕ ಉಳಿಯುತ್ತದೆ. ಇದು ಹೆಚ್ಚುಕಡಿಮೆ ಒಂದು ಕೋಣೆಯ ಅಳತೆ. ಒಟ್ಟು ಚೌಕಗಳ ಸಂಖ್ಯೆ ಸುಮಾರು 1.1 ಲಕ್ಷ ಕೋಟಿ. 2ರಿಂದ 9ರವರೆಗಿನ ಎಂಟು ಅಂಕಿಗಳು ಮತ್ತು ಸಿ, ಎಫ್, ಜೆ, ಕೆ, ಎಲ್, ಎಂ, ಪಿ, ಟಿ ಎಂಬ ಎಂಟು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಬಳಸಲಾಗಿದೆ. ಸೊನ್ನೆ ಮತ್ತು ಒಂದು ಈ ಪಟ್ಟಿಯಲ್ಲಿಲ್ಲ. ಆದುದರಿಂದ ಸೊನ್ನೆಯನ್ನು ‘ಓ’ ಅಕ್ಷರವೆಂದೋ, ಒಂದನ್ನು ‘ಐ’ ಅಕ್ಷರವೆಂದೋ ತಪ್ಪಾಗಿ ಓದುವ ಸಂಭವವಿಲ್ಲ.

ಹೊನ್ನಾಳಿ ಪಟ್ಟಣದ ಡಿಜಿಪಿನ್‌ಗಳು 4, 4, ಎಂ, 9 ಎಂಬ ನಾಲ್ಕು ಚಿಹ್ನೆಗಳಿಂದ ಆರಂಭವಾಗುತ್ತವೆ. ಶಿವಮೊಗ್ಗ ನಗರದವು 4, 4, ಎಂ, 4 ಎಂದೂ, ದಾವಣಗೆರೆ ನಗರದವು 4, 4, 5 ಎಂದೂ ಆರಂಭವಾಗುತ್ತವೆ. ಮೊದಲ ಎರಡು ಚಿಹ್ನೆಗಳು ಮೂರು ಊರುಗಳಿಗೂ ಒಂದೇ; ಮೂರನೆಯದರಲ್ಲಿ ದಾವಣಗೆರೆ, ನಾಲ್ಕನೆಯದರಲ್ಲಿ ಶಿವಮೊಗ್ಗ ಬೇರೆಯಾಗುತ್ತದೆ. ನಾಲ್ಕು ಚಿಹ್ನೆಗಳು ಸುಮಾರು 15 ಕಿಲೋಮೀಟರ್ ಉದ್ದಗಲದ ಪ್ರದೇಶವನ್ನು, ಆರು ಚಿಹ್ನೆಗಳು ಸುಮಾರು ಒಂದು ಕಿಲೋಮೀಟರನ್ನು, ಎಂಟು ಚಿಹ್ನೆಗಳು ಸುಮಾರು 60 ಮೀಟರನ್ನು ಸೂಚಿಸುತ್ತವೆ. ಕೊನೆಯ ಎರಡು ಚಿಹ್ನೆಗಳು ಮನೆಯ ಬಾಗಿಲನ್ನು ತೋರುತ್ತವೆ. ಪಿನ್ ಕೋಡಿನಂತೆ ಇಲ್ಲಿಯೂ ಎಡದಿಂದ ಬಲಕ್ಕೆ ಸಾಗಿದಂತೆ ಪ್ರದೇಶ ಕಿರಿದಾಗುತ್ತ ಹೋಗುತ್ತದೆ.

ಅಕ್ಷಾಂಶ ಮತ್ತು ರೇಖಾಂಶಗಳಿಂದ ನೇರವಾಗಿ ಲೆಕ್ಕ ಹಾಕುವ ಸಂಕೇತವಾದುದರಿಂದ ಇದಕ್ಕೆ ಅರ್ಜಿ ಸಲ್ಲಿಸಬೇಕಾಗಿಲ್ಲ, ಯಾರೂ ಮಂಜೂರು ಮಾಡಬೇಕಾಗಿಲ್ಲ. ಸಂಖ್ಯೆಯೇ ಇಲ್ಲದ ತೋಟದ ಮನೆಗೂ ನಿನ್ನೆ ಕಟ್ಟಿದ ಗುಡಿಸಲಿಗೂ ಡಿಜಿಪಿನ್ ಈಗಾಗಲೇ ಇದೆ. ಅಂಚೆಯಲ್ಲದೆ ತುರ್ತು ಸೇವೆಗೂ ಇದರಿಂದ ಉಪಯೋಗವಿದೆ. ರಾತ್ರಿ ವೇಳೆ ತೋಟದ ಮನೆಗೆ ಬರಬೇಕಾದ ಆಂಬುಲೆನ್ಸ್ ಚಾಲಕನಿಗೆ, ಅಥವಾ ತುಂಗಭದ್ರೆಯ ನೆರೆ ಬಂದಾಗ ತಗ್ಗಿನ ಮನೆಗಳನ್ನು ಗುರುತಿಸಬೇಕಾದ ಸಿಬ್ಬಂದಿಗೆ ಬಾಯಿಮಾತಿನ ಗುರುತುಗಳಿಗಿಂತ ಇದು ಹೆಚ್ಚು ಖಚಿತವಾಗಿರುತ್ತದೆ.

ಸದಸ್ಯರು ತಿಳಿದಿರಬೇಕಾದ ಮಿತಿಗಳು

ಡಿಜಿಪಿನ್ ಬಗ್ಗೆ ಸಾರ್ವಜನಿಕರಲ್ಲಿ ತಪ್ಪು ಕಲ್ಪನೆ ಮೂಡದಂತೆ ಈ ಕೆಳಗಿನ ಸಂಗತಿಗಳನ್ನು ಗ್ರಾಮಸಭೆ ಮತ್ತು ವಾರ್ಡ್ ಸಭೆಗಳಲ್ಲಿ ಸ್ಪಷ್ಟಪಡಿಸುವುದು ಸೂಕ್ತ.

ಮೊದಲನೆಯದಾಗಿ, ಡಿಜಿಪಿನ್ ಅಂಚೆ ವಿಳಾಸಕ್ಕೆ ಪೂರಕವೇ ಹೊರತು ಬದಲಿಯಲ್ಲ. ಪಿನ್ ಕೋಡ್, ಗ್ರಾಮ ಹಾಗೂ ಅಂಚೆಯ ಹೆಸರನ್ನು ಹಿಂದಿನಂತೆಯೇ ಬರೆಯಬೇಕು.

ಎರಡನೆಯದಾಗಿ, ಇದು ಆಸ್ತಿಯ ದಾಖಲೆಯಲ್ಲ. ಭೂಮಿಯ ಮೇಲಿನ ಒಂದು ಚೌಕವನ್ನು ಮಾತ್ರ ಇದು ಸೂಚಿಸುತ್ತದೆ. ಆ ಚೌಕ ಯಾರ ಸ್ವಾಧೀನದಲ್ಲಿದೆ, ಮಾಲೀಕರು ಯಾರು ಎಂಬುದನ್ನು ಹೇಳುವುದಿಲ್ಲ. ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11-ಬಿ ಗಳಿಗೂ, ಸ್ವಾಮಿತ್ವ ಯೋಜನೆಯ ಆಸ್ತಿ ಕಾರ್ಡಿಗೂ ಇದು ಸಮಾನವಲ್ಲ. ಗಡಿ ವಿವಾದಗಳಲ್ಲಿ ಇದನ್ನು ಸಾಕ್ಷ್ಯವೆಂದು ಮುಂದಿಡುವವರಿಗೆ ಈ ವಿಷಯವನ್ನು ತಿಳಿಸಿ ಹೇಳಬೇಕು.

ಮೂರನೆಯದಾಗಿ, ಮೊಬೈಲ್ ತೋರಿಸುವ ಸ್ಥಾನದಲ್ಲಿ ಕೆಲವು ಮೀಟರ್‌ಗಳ ವ್ಯತ್ಯಾಸ ಸಹಜ. ದಟ್ಟವಾದ ಅಡಿಕೆ ತೋಟದೊಳಗೆ ಅಥವಾ ಮನೆಯ ಒಳಗೆ ನಿಂತು ನೋಡಿದರೆ ಈ ವ್ಯತ್ಯಾಸ ಹೆಚ್ಚಾಗಿ, ಪಕ್ಕದ ಮನೆಯ ಸಂಕೇತ ಬರಬಹುದು. ಬಾಗಿಲಿನ ಮುಂದೆ ಬಯಲಿನಲ್ಲಿ ನಿಂತು, ಗುರುತು ಸ್ಥಿರವಾಗುವವರೆಗೆ ಕಾಯ್ದು ದಾಖಲಿಸಬೇಕು. ಒತ್ತೊತ್ತಾದ ಹಳೆಯ ಊರಿನ ಕೇರಿಗಳಲ್ಲಿ ಮನೆ ಸಂಖ್ಯೆಯೇ ಹೆಚ್ಚು ಭರವಸೆಯ ಗುರುತು. ಮಹಡಿಗಳ ವ್ಯತ್ಯಾಸವನ್ನೂ ಡಿಜಿಪಿನ್ ತಿಳಿಸುವುದಿಲ್ಲ.

ನಾಲ್ಕನೆಯದಾಗಿ, ಸಂಕೇತದಲ್ಲಿ ವೈಯಕ್ತಿಕ ಮಾಹಿತಿ ಯಾವುದೂ ಇಲ್ಲದಿದ್ದರೂ, ಕುಟುಂಬದ ಹೆಸರು ಮತ್ತು ದೂರವಾಣಿಯೊಂದಿಗೆ ಸೇರಿದಾಗ ಅದು ವೈಯಕ್ತಿಕ ಮಾಹಿತಿಯೇ ಆಗುತ್ತದೆ. ಅಂತಹ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಅಂಟಿಸಬಾರದು. ವಾಟ್ಸಾಪ್ ಗುಂಪುಗಳಲ್ಲಿ ಹಂಚಬಾರದು.

ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಮೇಲಿನ ವಿವರಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಸಂಖ್ಯೆ ಎಷ್ಟೇ ಉದ್ದವಾಗಲಿ, ಅದಕ್ಕೆ ಹೊಂದುವ ಗುರುತು ಮನೆಯ ಗೋಡೆಯ ಮೇಲೆ ಇಲ್ಲದಿದ್ದರೆ ಪತ್ರ ಹಿಡಿದು ಬಂದ ಹೊಸಬರಿಗೆ ಅದು ಪ್ರಯೋಜನಕ್ಕೆ ಬರುವುದಿಲ್ಲ. ಆ ಗುರುತನ್ನು ಒದಗಿಸಬಲ್ಲ ಸಂಸ್ಥೆ ಗ್ರಾಮ ಪಂಚಾಯಿತಿ ಮಾತ್ರ. ಇದಕ್ಕೆ ಹೆಚ್ಚಿನ ವೆಚ್ಚವೂ ತಗಲುವುದಿಲ್ಲ.

1. ಪಂಚಾಯಿತಿ ವ್ಯಾಪ್ತಿಯ ಪ್ರತಿಯೊಂದು ಗ್ರಾಮ, ಮಜರೆ, ತಾಂಡಾ ಮತ್ತು ಬಡಾವಣೆಯ ಎದುರು ಅದರ ಶಾಖಾ ಅಂಚೆ ಕಚೇರಿ, ಉಪ ಅಂಚೆ ಕಚೇರಿ ಮತ್ತು ಪಿನ್ ಕೋಡ್ ನಮೂದಿಸಿದ ಒಂದು ಪುಟದ ಪಟ್ಟಿಯನ್ನು ಅಂಚೆ ಕಚೇರಿಯಿಂದ ದೃಢಪಡಿಸಿಕೊಂಡು ಕಚೇರಿಯಲ್ಲಿ ಪ್ರದರ್ಶಿಸುವುದು. ಒಂದೇ ಪಂಚಾಯಿತಿಯ ಗ್ರಾಮಗಳು ಬೇರೆ ಬೇರೆ ಪಿನ್ ಕೋಡ್‌ಗಳಿಗೆ ಸೇರಿರುವ ಸಾಧ್ಯತೆ ಇರುವುದರಿಂದ ಊಹೆಯ ಮೇಲೆ ಬರೆಯಬಾರದು.

2. ತೆರಿಗೆ ವಹಿಯಲ್ಲಿರುವ ಮನೆ ಸಂಖ್ಯೆ ಮತ್ತು ಗೋಡೆಯ ಮೇಲಿನ ಸಂಖ್ಯೆ ಹೊಂದುತ್ತವೆಯೇ ಎಂದು ವಾರ್ಡುವಾರು ಪರಿಶೀಲಿಸುವುದು. ಜನಗಣತಿ, ವಿವಿಧ ಸಮೀಕ್ಷೆ ಹಾಗೂ ವಿದ್ಯುತ್ ಸಂಪರ್ಕದ ಗುರುತುಗಳು ಒಂದೇ ಬಾಗಿಲ ಮೇಲೆ ಬೆರೆತಿರುವುದರಿಂದ, ಪಂಚಾಯಿತಿಯ ಸಂಖ್ಯೆ ಯಾವುದೆಂದು ಬೇರೆಯಾಗಿ ಕಾಣುವಂತೆ ಬರೆಸುವುದು.

3. ಹೆಸರಿಲ್ಲದ ಬೀದಿಗಳಿಗೆ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ಹೆಸರಿಟ್ಟು, ಬೀದಿಯ ಎರಡೂ ತುದಿಗಳಲ್ಲಿ ಫಲಕ ಹಾಕಿಸುವುದು. ಜನರ ಬಾಯಲ್ಲಿ ಈಗಾಗಲೇ ಬಳಕೆಯಲ್ಲಿರುವ ಹೆಸರಿಗೆ ಆದ್ಯತೆ ನೀಡಿದರೆ ಹೊಸ ಹೆಸರು ಕಾಗದದಲ್ಲಿಯೇ ಉಳಿಯುವ ಪ್ರಸಂಗ ಬರುವುದಿಲ್ಲ. ಜಾತಿಸೂಚಕವಾದ ಕೇರಿಯ ಹೆಸರುಗಳು ವಿಳಾಸದಲ್ಲಿ ಮುಂದುವರಿಯದಂತೆ ನೋಡಿಕೊಳ್ಳಲು ಇದೇ ಸರಿಯಾದ ಸಂದರ್ಭ.

4. ಹೊಸ ಕಂದಾಯ ಗ್ರಾಮ ಘೋಷಣೆಯಾದಾಗ, ಬಡಾವಣೆ ಹಸ್ತಾಂತರವಾದಾಗ ಅಥವಾ ಬೀದಿಯ ಹೆಸರು ಬದಲಾದಾಗ ನಡವಳಿಯ ಪ್ರತಿಯನ್ನು ಸಂಬಂಧಪಟ್ಟ ಉಪ ಅಂಚೆ ಕಚೇರಿಗೂ ಶಾಖಾ ಅಂಚೆ ಕಚೇರಿಗೂ ಕಳುಹಿಸುವುದು. ಸ್ವಲ್ಪ ಕಾಲ ಹೊಸ ಹಾಗೂ ಹಳೆಯ ಹೆಸರುಗಳೆರಡನ್ನೂ ವಿಳಾಸದಲ್ಲಿ ಬರೆಯುವಂತೆ ನಿವಾಸಿಗಳಿಗೆ ತಿಳಿಸುವುದು.

5. ತೋಟದ ಮನೆಗಳು, ತಾಂಡಾಗಳು ಮತ್ತು ಊರ ಹೊರಗಿನ ಒಂಟಿ ಮನೆಗಳ ಡಿಜಿಪಿನ್ ದಾಖಲಿಸುವುದಕ್ಕೆ ಮೊದಲ ಆದ್ಯತೆ ನೀಡುವುದು. ಕರ ವಸೂಲಿಗಾರರು ಮನೆಗೆ ಭೇಟಿ ನೀಡುವ ಸಮಯದಲ್ಲಿಯೇ, ಮನೆಯವರ ಒಪ್ಪಿಗೆಯೊಂದಿಗೆ, ಇದನ್ನು ನೋಡಿ ಬರೆದುಕೊಡಬಹುದು. ಮನೆಯವರು ಅದನ್ನು ಬಾಗಿಲ ಬಳಿ ಬರೆಸಿಕೊಂಡರೆ ಮೊಬೈಲ್ ಬಳಸಲು ಬಾರದ ಹಿರಿಯರಿಗೂ ಅನುಕೂಲ.

6. ಅರ್ಜಿಗಳಲ್ಲಿ ಪೂರ್ಣ ವಿಳಾಸ ಬರೆಯುವ ಕ್ರಮವನ್ನು ರೂಢಿಗೆ ತರುವುದು: ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ಬೀದಿ, ಗ್ರಾಮ, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್ ಕೋಡ್, ದೂರವಾಣಿ ಸಂಖ್ಯೆ, ಲಭ್ಯವಿದ್ದರೆ ಡಿಜಿಪಿನ್. ಒಂದೇ ಹೆಸರಿನವರು ಹಲವರಿರುವ ಊರುಗಳಲ್ಲಿ ತಂದೆಯ ಹೆಸರು ಮತ್ತು ಮನೆ ಸಂಖ್ಯೆಯನ್ನು ಎಂದಿಗೂ ಬಿಡಬಾರದು.

7. ಗ್ರಾಮೀಣ ಡಾಕ್ ಸೇವಕರನ್ನು ವರ್ಷಕ್ಕೊಮ್ಮೆಯಾದರೂ ಪಂಚಾಯಿತಿಯ ಸಭೆಗೆ ಆಹ್ವಾನಿಸಿ, ಯಾವ ಕೇರಿಯ ಪತ್ರಗಳು ಹೆಚ್ಚಾಗಿ ಹಿಂದಿರುಗುತ್ತಿವೆ ಎಂಬುದನ್ನು ಕೇಳಿ ತಿಳಿಯುವುದು. ಮನೆ ಸಂಖ್ಯೆಯ ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ವಿರಳ.

ಪಂಚಾಯಿತಿ ತಾನು ಕಳುಹಿಸುವ ತೆರಿಗೆ ಬೇಡಿಕೆ ಪತ್ರ ಮತ್ತು ನೋಟಿಸುಗಳಿಗೂ ಇವೇ ಮಾತುಗಳು ಅನ್ವಯಿಸುತ್ತವೆ. 2025ರಲ್ಲಿ ನೋಂದಾಯಿತ ಅಂಚೆ ಸೇವೆಯು ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಂಡಿದ್ದು, ವಿಳಾಸದಾರರ ಸಹಿ ಅಗತ್ಯವಾದ ಪತ್ರಗಳನ್ನು ಸ್ಪೀಡ್ ಪೋಸ್ಟ್‌ನಲ್ಲಿಯೇ ನೋಂದಣಿ ಸೌಲಭ್ಯದೊಂದಿಗೆ ಕಳುಹಿಸಬೇಕಾಗಿದೆ. ಪಂಚಾಯಿತಿಯ ವಹಿಯಲ್ಲಿನ ವಿಳಾಸವೇ ಅಪೂರ್ಣವಾಗಿದ್ದರೆ ಪಂಚಾಯಿತಿಯ ನೋಟಿಸು ಕೂಡ ಪಂಚಾಯಿತಿಗೇ ಮರಳಿ ಬರುತ್ತದೆ.

577217 ಎಂಬ ಸಂಖ್ಯೆಯು ಅರ್ಧ ಶತಮಾನದಿಂದ ಪತ್ರಗಳನ್ನು ಹೊನ್ನಾಳಿಯವರೆಗೆ ತಪ್ಪದೆ ತಂದು ಮುಟ್ಟಿಸುತ್ತಿದೆ. ಡಿಜಿಪಿನ್ ಆ ಪತ್ರಕ್ಕೆ ಬಾಗಿಲಿನ ಜಾಗವನ್ನು ತೋರಿಸಬಲ್ಲದು. ಆ ಬಾಗಿಲಿನ ಮೇಲೆ ಓದಬಹುದಾದ ಸಂಖ್ಯೆಯೊಂದು ಇರುವಂತೆ ನೋಡಿಕೊಳ್ಳುವುದು ಪಂಚಾಯಿತಿಯ ಪಾಲಿಗೆ ಬಿಟ್ಟ ಕೆಲಸ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಒಂದು ವಾರ್ಡಿನಿಂದಲಾದರೂ ಮನೆ ಸಂಖ್ಯೆಯ ಪರಿಶೀಲನೆಯನ್ನು ಆರಂಭಿಸುವುದು ಅಪೇಕ್ಷಣೀಯ.